ಕೈಯ ಚರಿತ್ರೆ, ಕಾಲಿನ ಚರಿತ್ರೆ

ಅರಸರ ಚರಿತ್ರೆಗೆ ಶಾಸನಗಳುಂಟು. ಕಾವ್ಯದ ಚರಿತ್ರೆಗೆ ಓಲೆಗರಿಗಳುಂಟು. ಕುಣಿತದ ಚರಿತ್ರೆಗೆ ಏನುಂಟು? ನೆಲದ ಮೇಲೆ ಬಿದ್ದ ಹೆಜ್ಜೆ ಮರುಗಳಿಗೆಗೆ ಅಳಿಸಿಹೋಗುತ್ತದೆ. ಕುಣಿದವರು ಬರೆದಿಡಲಿಲ್ಲ, ಬರೆಯಬಲ್ಲವರಾಗಿದ್ದವರು ಬಹುಮಟ್ಟಿಗೆ ಕುಣಿಯಲಿಲ್ಲ. ಆದರೂ ಒಂದು ಕುಣಿತವನ್ನು ಗಮನವಿಟ್ಟು ಕಲಿತವರಿಗೆ ಅದರ ಹುಟ್ಟು, ವಲಸೆ, ನಂಟಸ್ತಿಕೆಗಳ ಗುರುತುಗಳು ಅದರ ಮೈಯಲ್ಲೇ ಕಾಣಸಿಗುತ್ತವೆ ಎಂದು ನನ್ನ ನಂಬಿಕೆ. ಭಾಷೆಯಲ್ಲಿ ಹಳೆಯ ಪ್ರತ್ಯಯಗಳು ಉಳಿದುಕೊಳ್ಳುವಂತೆಯೇ ಇದು.

ಈ ಮಾತನ್ನು ಎತ್ತಿದ್ದಕ್ಕೆ ಕಾರಣವಿದೆ. ಒಂದು ವರ್ಷದಿಂದ ವಾರಕ್ಕೆ ಎರಡು ಸಂಜೆ ನಾನು ಬೆಂಗಳೂರಿನ ಒಂದು ನೃತ್ಯಶಾಲೆಗೆ ಹೋಗಿ ಸಾಲ್ಸಾ ಕಲಿಯುತ್ತಿದ್ದೇನೆ. ಹಗಲು ಹೊತ್ತು ಹಳಗನ್ನಡ ಛಂದಸ್ಸನ್ನು ಪಾಠ ಹೇಳುವ ನಲವತ್ತು ದಾಟಿದ ಉಪನ್ಯಾಸಕರಿಗೆ ಇದೆಂಥ ಚಪಲ ಎಂದು ಓದುಗರು ನಗಬಹುದು, ನಗಲಿ. ಆದರೆ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಗದೆ, ಗಂಭೀರವಾಗಿಯೇ ಒಂದು ಆಕ್ಷೇಪವನ್ನು ಎತ್ತಿದರು. "ಅಲ್ಲ ಮೇಷ್ಟ್ರೇ, ಒಂದು ಎರಡು ಮೂರು ಎಂದು ಎಣಿಸಿಕೊಂಡು ಕುಣಿಯುವುದೂ ಒಂದು ಕುಣಿತವೇ? ಛಂದೋಗ್ರಂಥ ಓದಿ ಯಾರಾದರೂ ಕವಿಯಾದದ್ದುಂಟೆ? ಆ ಜನ ಬೀದಿಯಲ್ಲಿ, ಅಡಿಗೆಮನೆಯಲ್ಲಿ ಕುಣಿದು ಕಲಿತದ್ದನ್ನು ನೀವು ದುಡ್ಡು ಕೊಟ್ಟು ಕನ್ನಡಿಯ ಮುಂದೆ ಕಲಿಯುತ್ತಿದ್ದೀರಿ" ಎಂದರು. ಆಕ್ಷೇಪ ಹಗುರವಾದದ್ದಲ್ಲ. ಅದಕ್ಕೆ ಉತ್ತರವನ್ನು ವಾದದಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಮೇಲೆಂದು ತೋರಿತು.

ಮೊದಲು ಪಾಠ ಹೇಗಿರುತ್ತದೆಂದು ಹೇಳಬೇಕು. ಸಾಲ್ಸಾದಲ್ಲಿ ಎಂಟು ಎಣಿಕೆಗೆ ಒಂದು ಆವರ್ತ. ಹೆಜ್ಜೆಗಳು ಮಾತ್ರ ಆರು. ಒಂದು, ಎರಡು, ಮೂರರಲ್ಲಿ ಹೆಜ್ಜೆ, ನಾಲ್ಕರಲ್ಲಿ ಬಿಡುವು, ಐದು, ಆರು, ಏಳರಲ್ಲಿ ಹೆಜ್ಜೆ, ಎಂಟರಲ್ಲಿ ಮತ್ತೆ ಬಿಡುವು. ನಮ್ಮ ತಾಳಶಾಸ್ತ್ರದಲ್ಲಿ ಸಶಬ್ದ ಕ್ರಿಯೆ, ನಿಶ್ಶಬ್ದ ಕ್ರಿಯೆ ಎಂದು ಎರಡು ಬಗೆ ಹೇಳುತ್ತಾರಲ್ಲವೇ, ಹಾಗೆ. ಶಬ್ದವಿಲ್ಲದ ಎಣಿಕೆಯೂ ಲೆಕ್ಕದಲ್ಲಿ ಸೇರಿದ್ದೇ. ಸ್ವಾರಸ್ಯವೇನೆಂದರೆ, ಕಾಲು ಸುಮ್ಮನಿರುವ ಆ ನಾಲ್ಕು ಮತ್ತು ಎಂಟರ ಎಣಿಕೆಯಲ್ಲೇ ಕಾಂಗಾ ಎಂಬ ಉದ್ದನೆಯ ಮದ್ದಳೆಯ ಬಿಚ್ಚುದನಿಯ ಎರಡು ಪೆಟ್ಟುಗಳು ಕೇಳಿಸುತ್ತವೆ. ಕುಣಿಯುವವರು ಬಿಟ್ಟ ಜಾಗವನ್ನು ಬಾರಿಸುವವರು ತುಂಬುತ್ತಾರೆ. ಇವೆಲ್ಲಕ್ಕೂ ಅಡಿಗಲ್ಲಾಗಿ ಕ್ಲಾವೆ ಎಂಬ ಎರಡು ಮರದ ಕೋಲುಗಳ ಐದು ಪೆಟ್ಟಿನ ಲಯವಿರುತ್ತದೆ. ಮೂರು ಪೆಟ್ಟು ಒಂದು ಅರ್ಧದಲ್ಲಿ, ಎರಡು ಪೆಟ್ಟು ಇನ್ನೊಂದರಲ್ಲಿ. ಆ ಐದರಲ್ಲಿ ಒಂದು ಪೆಟ್ಟು ಎರಡಕ್ಕೂ ಮೂರಕ್ಕೂ ನಡುವೆ ಬೀಳುವುದರಿಂದ ಎಣಿಕೆಯನ್ನೇ ನೆಚ್ಚಿದವರಿಗೆ ಅದು ಬೇಗ ಕೈಗೆ ಸಿಗುವುದಿಲ್ಲ.

ಪಾಠದ ಮೊದಲರ್ಧದಲ್ಲಿ ಎಲ್ಲರೂ ಸಾಲಾಗಿ ನಿಂತು ಒಬ್ಬೊಬ್ಬರೇ ಕಾಲಿನ ಕೆಲಸವನ್ನು ಕಲಿಯುತ್ತೇವೆ. ಇದಕ್ಕೆ ಷೈನ್ ಎಂದು ಹೆಸರು. ಎರಡನೆಯ ಅರ್ಧದಲ್ಲಿ ಜೋಡಿಯಾಗಿ ಸುತ್ತುಗಳನ್ನು ಕಲಿಯುತ್ತೇವೆ. ನಡೆಸುವವರು ಎರಡು, ಮೂರರ ಹೊತ್ತಿಗೆ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತಾರೆ. ಐದು, ಆರು, ಏಳರಲ್ಲಿ ಜೊತೆಯವರು ಎದುರಿನಿಂದ ಹಾದು ಆಚೆಗೆ ಹೋಗುತ್ತಾರೆ. ಇದು ಮೂಲ ದಾಟು. ಇದಕ್ಕೆ ಬಲಸುತ್ತು ಒಂದನ್ನು ಕೂಡಿಸಿದರೆ, ಹಿಡಿದ ಕೈಯನ್ನು ತಲೆಯ ಮೇಲೆ ಹಾಯಿಸಿ ಮತ್ತೊಂದು ಸುತ್ತನ್ನು ಹೆಣೆದರೆ, ಒಂದು ಮಾಲೆಯಾಗುತ್ತದೆ. ನಡೆಸುವ ಕೈ ಎಳೆಯಕೂಡದು, ಸೂಚಿಸಬೇಕು. ಕೈಗೂ ಕಾಲಿಗೂ ಬೇರೆ ಬೇರೆ ಅವಧಿಗಳಿರುವುದು ಕಲಿಸುವ ಅನುಕೂಲಕ್ಕೆಂದು ಮೊದಲು ತೋರುತ್ತದೆ. ಚರಿತ್ರೆಯನ್ನು ಓದಿದರೆ, ಕೈ ಬಂದ ದಾರಿಯೇ ಬೇರೆ, ಕಾಲು ಬಂದ ದಾರಿಯೇ ಬೇರೆ ಎಂಬುದು ಗೊತ್ತಾಗುತ್ತದೆ.

ಕೈಯ ದಾರಿಯನ್ನು ಮೊದಲು ನೋಡೋಣ. 1651ರಲ್ಲಿ ಲಂಡನ್ನಿನ ಜಾನ್ ಪ್ಲೇಫರ್ಡ್ ಎಂಬ ಪ್ರಕಾಶಕ ಇಂಗ್ಲೆಂಡಿನ ಹಳ್ಳಿಗಾಡಿನ ಕುಣಿತಗಳ ಕೈಪಿಡಿಯೊಂದನ್ನು ಅಚ್ಚುಹಾಕಿದ. ಎದುರುಬದುರು ಸಾಲು ನಿಂತು, ಕೈಹಿಡಿದು, ಸುತ್ತಿ, ಜಾಗ ಬದಲಾಯಿಸುವ ಕುಣಿತಗಳು ಅವು. ಅವು ಫ್ರಾನ್ಸಿಗೆ ದಾಟಿ ಕೊಂತ್ರದಾನ್ಸ್ ಆದುವು. ಸ್ಪೇನಿಗೆ ಹೋಗಿ ಕೊಂತ್ರದಾನ್ಸ ಆದುವು. ಅಲ್ಲಿಂದ ಹಡಗೇರಿ ಕ್ಯೂಬಾ ದ್ವೀಪವನ್ನು ಮುಟ್ಟಿದುವು. 1791ರಲ್ಲಿ ನೆರೆಯ ಸಾಂ ದೊಮಿಂಗ್‌ನಲ್ಲಿ, ಎಂದರೆ ಇಂದಿನ ಹೈಟಿಯಲ್ಲಿ, ಗುಲಾಮರು ದಂಗೆಯೆದ್ದರು. ಆಗ ಓಡಿಬಂದ ಫ್ರೆಂಚ್ ತೋಟದೊಡೆಯರೂ ಅವರೊಡನೆ ಬಂದ ಕರಿಯರೂ ಪೂರ್ವ ಕ್ಯೂಬಾಕ್ಕೆ ಇದೇ ಕುಣಿತದ ಇನ್ನೊಂದು ರೂಪವನ್ನು ತಂದರು. ಇಂದಿಗೆ ಉಳಿದಿರುವ ಅತ್ಯಂತ ಹಳೆಯ ಕ್ಯೂಬನ್ ಕೊಂತ್ರದಾನ್ಸದ ಸ್ವರಪ್ರತಿ 1803ರದು. ಅದರ ವಿನ್ಯಾಸಗಳು ನಾಲ್ಕು: ನಡಿಗೆ, ಸರಪಳಿ, ತಡೆ, ಜರಡಿ. ಕೈ ಹಿಡಿದು ನಡೆಸುವುದು, ಸುತ್ತಿಸುವುದು, ಎದುರಿನವರ ಜಾಗಕ್ಕೆ ದಾಟಿಸುವುದು ಎಲ್ಲವೂ ಆಗಲೇ ಇದ್ದುವು. ಅದನ್ನು ಜನ ಕಲಿತದ್ದಾದರೂ ಹೇಗೆ? ಪುಸ್ತಕದಿಂದ ಮತ್ತು ನೃತ್ಯದ ಮೇಷ್ಟ್ರುಗಳಿಂದ.

ಕಾಲಿನ ದಾರಿ ಹಾಗಲ್ಲ. ಅದು ಗುಲಾಮರ ಹಡಗಿನ ತಳದಲ್ಲಿ ಬಂದದ್ದು. ಹೈಟಿಯ ಸಕ್ಕರೆ ನಿಂತುಹೋದೊಡನೆ ಕ್ಯೂಬಾದ ಸಕ್ಕರೆಗೆ ಬೆಲೆ ಬಂದಿತು. ಕಬ್ಬಿನ ಗದ್ದೆಗಳು ಬೆಳೆದಂತೆ ಮನುಷ್ಯರ ಆಮದೂ ಬೆಳೆಯಿತು. ಒಟ್ಟಾರೆ ಏಳೆಂಟು ಲಕ್ಷ ಆಫ್ರಿಕನರನ್ನು ಆ ಒಂದು ದ್ವೀಪಕ್ಕೆ ಸಾಗಿಸಲಾಯಿತೆಂದು ವಿದ್ವಾಂಸರ ಅಂದಾಜು. ಗುಲಾಮಗಿರಿ ಅಲ್ಲಿ ಕೊನೆಗೊಂಡದ್ದು 1886ರಲ್ಲಿ. ಈ ಜನ ತಂತಮ್ಮ ಕುಲಮೂಲಗಳಿಗನುಸಾರವಾಗಿ ಕಾಬಿಲ್ಡೊ ಎಂಬ ಸಂಘಗಳನ್ನು ಕಟ್ಟಿಕೊಂಡಿದ್ದರು. ಜನವರಿ 6ರ ಹಬ್ಬದ ದಿನ ಹವಾನಾದ ಬೀದಿಗಳಲ್ಲಿ ಅವರ ಮದ್ದಳೆಗಳು ಮೊಳಗುತ್ತಿದ್ದುವು. ಅವರ ಪರಂಪರೆಯಿಂದ ಬೆಳೆದ ರುಂಬಾ ಕುಣಿತದಲ್ಲಿ ಗಂಡುಹೆಣ್ಣು ಎದುರುಬದುರಾಗಿ ಕುಣಿಯುತ್ತಾರೆ, ಅಪ್ಪಿ ಹಿಡಿಯುವುದಿಲ್ಲ. ಮಾತೆಲ್ಲ ಕಾಲಿನದು, ಸೊಂಟದ್ದು, ಹೆಗಲಿನದು. ಕ್ಲಾವೆಯ ಕೋಲುಗಳಿಗೂ ಒಂದು ಹಿನ್ನೆಲೆಯುಂಟು. ಹವಾನಾದ ಹಡಗುಕಟ್ಟೆಯಲ್ಲಿ ಹಲಗೆ ಜೋಡಿಸಲು ಬಳಸುತ್ತಿದ್ದ ಗಟ್ಟಿಮರದ ಗೂಟಗಳಿಂದಲೇ ಅವು ಬಂದುವೆಂದು ಕ್ಯೂಬಾದ ಹಿರಿಯ ವಿದ್ವಾಂಸ ಫರ್ನಾಂಡೊ ಓರ್ತಿಸ್ ಹೇಳಿದ್ದಾನೆ.

ಈ ಎರಡು ದಾರಿಗಳು ಕೂಡಿದ್ದು ಎಲ್ಲಿ? ವಾದ್ಯಮೇಳದಲ್ಲಿ. ಹತ್ತೊಂಬತ್ತನೆಯ ಶತಮಾನದ ಹವಾನಾದಲ್ಲಿ ಸಂಗೀತ ಬಿಳಿಯ ಕುಲೀನರಿಗೆ ತಕ್ಕ ಕಸಬಾಗಿರಲಿಲ್ಲ. ಅವರ ಔತಣಗಳಲ್ಲಿ ನುಡಿಸುತ್ತಿದ್ದವರು ಹೆಚ್ಚಾಗಿ ಸ್ವತಂತ್ರರಾಗಿದ್ದ ಕರಿಯರು ಮತ್ತು ಮಿಶ್ರವರ್ಣದವರು. ಅಚ್ಚಾದ ಸ್ವರಗಳನ್ನೇ ನುಡಿಸಿದರೂ ಅವರ ಕೈಯಲ್ಲಿ ಅವು ಬೇರೆ ತೂಗಾಟವನ್ನು ಪಡೆದುವು. ಅವರಲ್ಲಿ ಒಬ್ಬ ಕ್ಲಾಡಿಯೊ ಬ್ರಿಂದಿಸ್ ದೆ ಸಾಲಾಸ್. ಪಿಟೀಲುವಾದಕ, ಮೇಳದ ಯಜಮಾನ, ಮೇಲಾಗಿ ಶ್ರೀಮಂತರ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದ ಮೇಷ್ಟ್ರು. 1844ರಲ್ಲಿ ಗುಲಾಮರ ಪಿತೂರಿ ನಡೆದಿದೆಯೆಂದು ಸ್ಪೇನಿನ ಸರಕಾರ ಸಾವಿರಾರು ಕರಿಯರನ್ನು ಹಿಡಿಸಿತು. ಹಿಡಿದವರನ್ನು ಏಣಿಗೆ ಕಟ್ಟಿ ಹೊಡೆಯುತ್ತಿದ್ದುದರಿಂದ ಆ ಪ್ರಕರಣಕ್ಕೆ 'ಏಣಿ' ಎಂದೇ ಹೆಸರು ನಿಂತಿದೆ. ಪ್ಲಾಸಿಡೊ ಎಂಬ ಕವಿಯನ್ನು ಗುಂಡಿಟ್ಟು ಕೊಂದರು. ಬ್ರಿಂದಿಸ್‌ನನ್ನು ಸೆರೆಹಿಡಿದು, ಹಿಂಸಿಸಿ, ದ್ವೀಪದಿಂದ ಹೊರದೂಡಿದರು. ಆತನ ಮೇಳ ಚೆಲ್ಲಾಪಿಲ್ಲಿಯಾಯಿತು. ಯಾರ ಮಕ್ಕಳ ಕಾಲಿಗೆ ಲಯ ಕಲಿಸಿದನೋ ಆ ಮನೆಗಳೆಲ್ಲ ಇದ್ದಂತೆಯೇ ಇದ್ದುವು. ಕಲಿಸಿದವನಿಗೆ ಊರೇ ಇಲ್ಲದಾಯಿತು. ನೃತ್ಯಶಾಲೆಯ ಚರಿತ್ರೆಯೆಂದರೆ ಕನ್ನಡಿ, ನುಣುಪಾದ ನೆಲ, ಶುಲ್ಕ ಇಷ್ಟೇ ಎಂದು ಭಾವಿಸುವವರು ಈ ಮೇಷ್ಟ್ರನ್ನು ನೆನೆಯಬೇಕು.

ಮುಂದಿನ ಕಥೆ ವೇಗವಾಗಿ ಸಾಗುತ್ತದೆ. 1879ರ ಜನವರಿ 1ರಂದು ಮತಾನ್ಸಾಸ್ ಊರಿನಲ್ಲಿ ಮಿಗೆಲ್ ಫೈಲ್ದೆ ತನ್ನ ಹೊಸ ದಾನ್ಸೋನ್ ಒಂದನ್ನು ನುಡಿಸಿದ. ಸಾಲು ಕುಣಿತ ಹಿಂದೆ ಸರಿದು, ಅಪ್ಪಿ ಹಿಡಿದ ಜೋಡಿ ಮುಂದೆ ಬಂದಿತು. ಸಭ್ಯಸ್ಥರು ಇದನ್ನು ಅಶ್ಲೀಲವೆಂದು ಜರೆದರು. ಕೆಲವೇ ದಶಕಗಳಲ್ಲಿ ಅದೇ ದೇಶದ ಹೆಮ್ಮೆಯ ಕುಣಿತವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಪೂರ್ವದ ಬೆಟ್ಟಸೀಮೆಯ ಸೋನ್ ಎಂಬ ಹಾಡುಕುಣಿತ ಹವಾನಾಕ್ಕೆ ಇಳಿದುಬಂದು 1920ರ ದಶಕದಲ್ಲಿ ಮನೆಮಾತಾಯಿತು. ಅದರಲ್ಲಿ ಸ್ಪೇನಿನ ತಂತಿವಾದ್ಯದ ಸಂತತಿಯಾದ ತ್ರೆಸ್ ಇದ್ದಿತು, ಆಫ್ರಿಕದ ಸಂತತಿಯಾದ ಬೊಂಗೊ ಇದ್ದಿತು. ಕ್ಲಾವೆ ಎರಡನ್ನೂ ಹಿಡಿದಿಟ್ಟಿತ್ತು. 1940ರ ದಶಕದಲ್ಲಿ ಆರ್ಸೇನಿಯೊ ರೊಡ್ರಿಗೆಸ್ ಸೋನಿನ ಮೇಳಕ್ಕೆ ಕಾಂಗಾ, ಪಿಯಾನೊ, ಹೆಚ್ಚಿನ ತುತ್ತೂರಿಗಳನ್ನು ಸೇರಿಸಿದ. ಆತ ಕಣ್ಣಿಲ್ಲದವನು, ಕಾಂಗೋ ಮೂಲದ ಗುಲಾಮರ ವಂಶದವನು. ಇಂದು ಸಾಲ್ಸಾ ಎಂದು ಕೇಳುವ ಮೇಳದ ಅಸ್ತಿಭಾರ ಅವನು ಹಾಕಿದ್ದು.

ಅದೇ ಕಾಲಕ್ಕೆ ಮಾಂಬೊ ಹುಟ್ಟಿತು. 1938ರಲ್ಲಿ ಓರೆಸ್ತೆಸ್ ಲೋಪೆಸ್ ರಚಿಸಿದ ದಾನ್ಸೋನಿಗೆ ಆ ಹೆಸರಿತ್ತು; ಅದನ್ನು ಲೋಕಪ್ರಸಿದ್ಧಗೊಳಿಸಿದವನು ಮೆಕ್ಸಿಕೊದಲ್ಲಿ ನೆಲೆಸಿದ ಪೆರೆಸ್ ಪ್ರಾದೊ. ಇದರ ಒಡೆದ ಲಯಕ್ಕೆ ಹೆಜ್ಜೆ ಹಾಕಲು ಸಾಮಾನ್ಯ ಜನ ತಿಣುಕುವುದನ್ನು ಕಂಡು ಎನ್ರಿಕೆ ಹೊರ್ರೀನ್ 1950ರ ದಶಕದ ಆರಂಭದಲ್ಲಿ ಸ್ವರಗಳನ್ನು ಸರಳಗೊಳಿಸಿದ. ಕುಣಿಯುವವರ ಪಾದರಕ್ಷೆಗಳು ನೆಲಕ್ಕೆ ಉಜ್ಜಿ ಮಾಡಿದ ಸದ್ದೇ ಚಾ-ಚಾ-ಚಾ ಎಂಬ ಹೆಸರಾಯಿತೆನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದರೆ ನಮ್ಮಲ್ಲಿ ನಗುತ್ತೇವೆ. ಈ ಸಂಗೀತಗಾರ ಮಾತ್ರ ನೆಲವನ್ನೇ ಸಮಮಾಡಿಕೊಟ್ಟ.

ಈ ಹೊತ್ತಿಗೆ ಕುಣಿತದ ಎರಡನೆಯ ತವರು ನ್ಯೂಯಾರ್ಕ್ ಆಗಿತ್ತು. ಬ್ರಾಡ್‌ವೇ ಮತ್ತು 53ನೆಯ ಬೀದಿ ಕೂಡುವಲ್ಲಿ ಪಲೇಡಿಯಂ ಎಂಬ ನೃತ್ಯಮಂದಿರವಿತ್ತು. ಮಚೀಟೊ, ಟೀಟೊ ಪುಯೆಂತೆ, ಟೀಟೊ ರೊಡ್ರಿಗೆಸ್ ಇವರ ಮೇಳಗಳು ಅಲ್ಲಿ ಪೈಪೋಟಿಯಿಂದ ನುಡಿಸುತ್ತಿದ್ದುವು. ಅಮೆರಿಕದಲ್ಲಿ ಕರಿಯರಿಗೂ ಬಿಳಿಯರಿಗೂ ಬಹಳ ಕಡೆ ಬೇರೆ ಬೇರೆ ಬಾಗಿಲುಗಳಿದ್ದ ಕಾಲ ಅದು. ಪಲೇಡಿಯಂನ ನೆಲ ಮಾತ್ರ ಎಲ್ಲರದಾಗಿತ್ತು. ಪೋರ್ಟೊರಿಕೊದ ಮೂಲದ, ಆದರೆ 'ಕ್ಯೂಬನ್ ಪೀಟ್' ಎಂದು ಹೆಸರಾದ ಪೆಡ್ರೊ ಅಗಿಲಾರ್ ಮತ್ತು ಇಟಲಿಯ ಮೂಲದ ಮಿಲಿ ಡೊನೆ ಎಂಬಾಕೆಯ ಜೋಡಿಯ ಚಿತ್ರಗಳು 1954ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಅಚ್ಚಾದುವು. ಅಲ್ಲಿ ಜೋಡಿಗಳು ಸುತ್ತುಗಳ ನಡುವೆ ಕೈಬಿಟ್ಟು, ಎದುರುಬದುರು ನಿಂತು ಕಾಲಿನ ಚಮತ್ಕಾರ ತೋರುತ್ತಿದ್ದರು. ಹಾರ್ಲೆಮ್ಮಿನ ಕರಿಯರ ಲಿಂಡಿ ಕುಣಿತದಿಂದಲೂ ಟ್ಯಾಪ್ ಕುಣಿತದಿಂದಲೂ ಹೆಜ್ಜೆಗಳನ್ನು ತೆಗೆದುಕೊಂಡರು. ನಾವು ಇಂದು ಸೂಸಿ-ಕ್ಯೂ ಎಂದು ಕಲಿಯುವ ಅಡ್ಡಹೆಜ್ಜೆ ಹಾರ್ಲೆಮ್ಮಿನದೇ. ಗಮನಿಸಬೇಕಾದ ಸಂಗತಿ ಇನ್ನೊಂದು: ಪಲೇಡಿಯಂನಲ್ಲಿ ಬುಧವಾರಗಳಂದು 'ಕಿಲ್ಲರ್ ಜೋ' ಪಿರೊ ಎಂಬಾತ ಬಂದವರಿಗೆ ಮಾಂಬೊ ಪಾಠ ಹೇಳುತ್ತಿದ್ದ. ಅತ್ಯುತ್ತಮ ನರ್ತಕರು ಕುಣಿಯುತ್ತಿದ್ದ ನೆಲದ ಮೇಲೆಯೇ ಶಾಲೆಯೂ ನಡೆಯುತ್ತಿತ್ತು.

1959ರ ಕ್ರಾಂತಿಯಾದ ಮೇಲೆ ಕ್ಯೂಬಾಕ್ಕೂ ಅಮೆರಿಕಕ್ಕೂ ಸಂಬಂಧ ಮುರಿಯಿತು. 1962ರಲ್ಲಿ ವ್ಯಾಪಾರ ದಿಗ್ಬಂಧನ ಪೂರ್ಣವಾಯಿತು. ಒಂದೇ ತಾಯಿಯ ಮಕ್ಕಳಂತಿದ್ದ ಎರಡು ಕುಣಿತಗಳು ಬೇರೆ ಬೇರೆ ಮನೆಗಳಲ್ಲಿ ಬೆಳೆದುವು. ಹವಾನಾದಲ್ಲಿ, ಕಸೀನೊ ದೆಪೊರ್ತಿವೊ ಎಂಬ ಕ್ಲಬ್ಬಿನಿಂದ ಹೆಸರು ಪಡೆದ ಕಸೀನೊ ಕುಣಿತ ಹಬ್ಬಿತು. ಜೋಡಿಗಳು ಚಕ್ರಾಕಾರವಾಗಿ ನಿಲ್ಲುತ್ತಾರೆ. ಒಬ್ಬ ಕೂಗಿ ಹೇಳಿದಂತೆ ಎಲ್ಲರೂ ಒಟ್ಟಿಗೆ ಸುತ್ತು ಹಾಕುತ್ತಾರೆ. 'ದಾಮೆ' ಎಂದರೆ ಪಕ್ಕದ ಜೊತೆಗೆ ದಾಟುತ್ತಾರೆ. ನಮ್ಮ ಕೋಲಾಟ ಬಲ್ಲವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ನ್ಯೂಯಾರ್ಕಿನಲ್ಲಿ 1964ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದ ಜಾನಿ ಪಚೇಕೊ ಮತ್ತು ವಕೀಲ ಜೆರ್ರಿ ಮಸೂಚಿ ಸೇರಿ ಫಾನಿಯ ಎಂಬ ಧ್ವನಿಮುದ್ರಿಕೆಯ ಕಂಪನಿಯನ್ನು ತೆರೆದರು. 1971ರ ಆಗಸ್ಟಿನಲ್ಲಿ ಚೀಟಾ ಎಂಬ ಕ್ಲಬ್ಬಿನಲ್ಲಿ ಅವರ ಕಲಾವಿದರು ನಡೆಸಿದ ಕಛೇರಿ ಸಾಲ್ಸಾದ ಪಟ್ಟಾಭಿಷೇಕವೆನಿಸಿತು. ಆರ್ಸೇನಿಯೊ ರೊಡ್ರಿಗೆಸ್ ಲಾಸ್ ಏಂಜಲೀಸಿನಲ್ಲಿ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಅವನನ್ನು ನೆನೆಯುವವರು ವಿರಳವಾಗಿದ್ದರು.

ಸಾಲ್ಸಾ ಎಂದರೆ ಸ್ಪ್ಯಾನಿಷಿನಲ್ಲಿ ಗೊಜ್ಜು. ಈ ಹೆಸರನ್ನು ಕುರಿತು ಜಗಳ ಇಂದಿಗೂ ನಿಂತಿಲ್ಲ. ಸಾಲ್ಸಾ ತಿನ್ನುವ ಪದಾರ್ಥವೇ ಹೊರತು ನುಡಿಸುವುದಲ್ಲ, ತಾನು ನುಡಿಸುವುದು ಕ್ಯೂಬಾದ ಸಂಗೀತ ಎಂದು ಟೀಟೊ ಪುಯೆಂತೆ ಮತ್ತೆ ಮತ್ತೆ ಹೇಳುತ್ತಿದ್ದ. ಮಾರುಕಟ್ಟೆ ಹೆಸರಿಡುವುದು ಹೊಸದೂ ಅಲ್ಲ. 1930ರಲ್ಲಿ ನ್ಯೂಯಾರ್ಕಿನಲ್ಲಿ ದೋನ್ ಅಸ್ಪಿಯಾಸುವಿನ ಮೇಳ ಮುದ್ರಿಸಿದ ಸೋನ್ ಹಾಡು 'ರುಂಬಾ' ಎಂಬ ಚೀಟಿ ಅಂಟಿಸಿಕೊಂಡೇ ಮಾರಾಟವಾಗಿತ್ತು. ಇದು ಬರಿಯ ಮಾತಿನ ಜಗಳವೆಂದು ನನಗೆ ತೋರುವುದಿಲ್ಲ. ಹಾಡುಗಾರ್ತಿ ಸೆಲಿಯ ಕ್ರೂಸ್ 1960ರಲ್ಲಿ ಕ್ಯೂಬಾ ಬಿಟ್ಟವಳು. 1962ರಲ್ಲಿ ತಾಯಿ ಸತ್ತಾಗ ಆಕೆಗೆ ಹಿಂದಿರುಗಲು ಅನುಮತಿ ಸಿಗಲಿಲ್ಲ. 1990ರಲ್ಲಿ ಗ್ವಾಂಟಾನಮೊದ ಅಮೆರಿಕನ್ ನೆಲೆಯಲ್ಲಿ ಹಾಡಲು ಹೋದಾಗ ಒಂದು ಹಿಡಿ ಮಣ್ಣನ್ನು ತಂದಿಟ್ಟುಕೊಂಡಳು. 2003ರಲ್ಲಿ ಆಕೆಯೊಡನೆ ಆ ಮಣ್ಣನ್ನೂ ಶವಪೆಟ್ಟಿಗೆಯಲ್ಲಿಟ್ಟರು. ಲೋಕವೆಲ್ಲ ಸಾಲ್ಸಾದ ರಾಣಿಯೆಂದು ಕರೆದವಳಿಗೆ ಅದು ಯಾವ ನೆಲದ ದನಿಯೆಂಬುದು ಕೊನೆಯವರೆಗೂ ಮರೆತಿರಲಿಲ್ಲ.

ಈಗ ಎಣಿಕೆಯ ಮಾತಿಗೆ ಬರೋಣ. ನ್ಯೂಯಾರ್ಕಿನ ಎಡ್ಡಿ ಟೊರೆಸ್ ಕ್ಲಬ್ಬುಗಳಲ್ಲಿ ಕಂಡು ಕಲಿತ ನರ್ತಕ. ಟೀಟೊ ಪುಯೆಂತೆಯ ಮೇಳದೊಡನೆ ಕುಣಿದವನು. ಮೊದಮೊದಲು ತನ್ನ ಹೆಜ್ಜೆಗೆ ಎಣಿಕೆ ಹೇಳಲು ಅವನಿಗೆ ಬರುತ್ತಿರಲಿಲ್ಲ. ಜೂನ್ ಲಬರ್ಟ ಎಂಬ ನೃತ್ಯಶಿಕ್ಷಕಿ ಆ ಹೆಜ್ಜೆಯನ್ನು ಸಂಗೀತದ ಲೆಕ್ಕಕ್ಕೆ ತಂದು ತೋರಿಸಿದಳು. ಅಲ್ಲಿಂದಾಚೆಗೆ ಟೊರೆಸ್ ಸಾವಿರಾರು ಜನಕ್ಕೆ ಕಲಿಸಿದ. ದಿಕ್ಕು ಬದಲಾಯಿಸುವ ಹೆಜ್ಜೆಯನ್ನು ಅವನ ಪದ್ಧತಿಯಲ್ಲಿ ಎರಡು ಮತ್ತು ಆರರ ಮೇಲೆ ಇಡುತ್ತಾರೆ. ಕಾಂಗಾದ ಚುರುಕುಪೆಟ್ಟು ಬೀಳುವುದೂ ಅಲ್ಲಿಯೇ. 1990ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ವಾಸ್ಕೆಸ್ ಸಹೋದರರು ಪ್ರಚಾರಕ್ಕೆ ತಂದ ಪದ್ಧತಿಯಲ್ಲಿ ಅದು ಒಂದು ಮತ್ತು ಐದರ ಮೇಲೆ. ಎಡುಪು ಸಮದಲ್ಲೋ ವಿಷಮದಲ್ಲೋ ಎಂಬಂಥ ಭೇದವಿದು, ಎರಡೂ ಸರಿಯೇ. ಕೊಲಂಬಿಯದ ಕಾಲಿ ನಗರದವರದು ಇನ್ನೊಂದು ದಾರಿ. ಅವರು 33 ಸುತ್ತಿನ ತಟ್ಟೆಗಳನ್ನು 45ರ ವೇಗದಲ್ಲಿ ತಿರುಗಿಸಿ, ಆ ವೇಗಕ್ಕೆ ಸರಿಯಾಗಿ ಕಾಲನ್ನು ಪಳಗಿಸಿಕೊಂಡರು. ಅವರಿಗೆ ಗುರುವಾದದ್ದು ಗ್ರಾಮಫೋನು.

ನನ್ನ ಸಹೋದ್ಯೋಗಿಯ ಆಕ್ಷೇಪಕ್ಕೆ ಉತ್ತರ ಇಲ್ಲಿ ತಕ್ಕಮಟ್ಟಿಗೆ ಸಿಗುತ್ತದೆ. ನಮ್ಮ ತ್ರಿಪದಿಯನ್ನೇ ತೆಗೆದುಕೊಳ್ಳಿ. ಸುಮಾರು ಕ್ರಿ. ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಅದಕ್ಕೆ ಲಕ್ಷಣ ಹೇಳಿದ ನಾಗವರ್ಮನ 'ಛಂದೋಂಬುಧಿ' ಹುಟ್ಟಿದ್ದು ಸುಮಾರು ಮುನ್ನೂರು ವರ್ಷಗಳಾದ ಮೇಲೆ. ನಾಗವರ್ಮ ತನ್ನ ಹೆಂಡತಿಯನ್ನು ಸಂಬೋಧಿಸಿ ಪಾಠ ಹೇಳಿದಂತೆ ಆ ಗ್ರಂಥವನ್ನು ಬರೆದ. ಸಂಸ್ಕೃತದ ವೃತ್ತಗಳ ಜೊತೆಗೆ ನಾಡಿನ ಹಾಡುಗಬ್ಬಗಳ ಮಟ್ಟುಗಳಿಗೂ ಅದರಲ್ಲಿ ಜಾಗ ಕೊಟ್ಟ. ಲಕ್ಷಣ ಬಂದುದರಿಂದ ತ್ರಿಪದಿ ಸಾಯಲಿಲ್ಲ. ಬೀಸುವ ಕಲ್ಲಿನ ಮುಂದೆ ಹಾಡುವ ಹೆಂಗಸರು ಗಣಗಳ ಹೆಸರು ಕೇಳದೆಯೇ ಹಾಡಿದರು. ಆದರೆ ಆ ಮಟ್ಟನ್ನು ಕೇಳಿ ಬೆಳೆಯದ ಹುಡುಗರಿಗೆ ತರಗತಿಯಲ್ಲಿ ಅದನ್ನು ಮುಟ್ಟಿಸಬೇಕಾದರೆ ಗಣವಿಭಜನೆಯಿಲ್ಲದೆ ನನಗೆ ಗತಿಯಿಲ್ಲ. ಎಣಿಕೆ ಹೊರಗಿನವರಿಗಾಗಿ ಒಳಗಿನವರು ಕಟ್ಟಿಕೊಟ್ಟ ಸೇತುವೆ. ಹವಾನಾದಲ್ಲಾಗಲಿ ನ್ಯೂಯಾರ್ಕಿನ ಓಣಿಗಳಲ್ಲಾಗಲಿ ಹುಟ್ಟದವರು ಈ ಕುಣಿತವನ್ನು ತಲಪಲು ಆ ಸೇತುವೆಯೇ ದಾರಿ. ಬೀದಿಯಲ್ಲಿ ಮಾತ್ರ ಕಲಿತದ್ದೆಂದು ನಾವು ಭಾವಿಸುವ ಕುಣಿತದ ಬೆನ್ನಿಗೆ ಮೂರೂವರೆ ಶತಮಾನಗಳಿಂದ ಪುಸ್ತಕ, ಶಾಲೆ, ಮೇಷ್ಟ್ರು ಇದ್ದೇ ಇದ್ದಾರೆ.

ಆದರೆ ಆಕ್ಷೇಪದಲ್ಲಿ ಒಂದು ತಿರುಳು ಉಳಿಯುತ್ತದೆ, ಅದನ್ನು ಒಪ್ಪಲೇಬೇಕು. ಸೇತುವೆಯ ಮೇಲೆ ಹೆಜ್ಜೆಗಳು ಸುಲಭವಾಗಿ ದಾಟುತ್ತವೆ, ಹೆಸರುಗಳು ದಾಟುವುದಿಲ್ಲ. ಎಂಟರ ಎಣಿಕೆಯಲ್ಲಿ ಬ್ರಿಂದಿಸ್ ಇಲ್ಲ, ಆರ್ಸೇನಿಯೊ ಇಲ್ಲ, ಕಬ್ಬಿನ ಗದ್ದೆಯಿಲ್ಲ. 2016ರಲ್ಲಿ ಯುನೆಸ್ಕೊ ಕ್ಯೂಬಾದ ರುಂಬಾವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದುದು ಸಂತೋಷದ ಸಂಗತಿಯೇ; ಆದರೆ ಪಟ್ಟಿಯ ಕೆಲಸ ಪಟ್ಟಿಯದು, ಕಲಿಯುವವರ ಕೆಲಸ ಬೇರೆ. ಕಲಿಸುವ ಕಸಬಿನಲ್ಲಿರುವ ನಮ್ಮಂಥವರಿಗಂತೂ ಇದು ನೆನಪಿರಬೇಕು. ಗಣ ಹಾಕಿ ತೋರಿಸಿದ ಮೇಲೆ ತ್ರಿಪದಿಯನ್ನು ಯಾರು ಹಾಡಿದರು, ಏನನ್ನು ಬೀಸುತ್ತ ಹಾಡಿದರು ಎಂದೂ ಹೇಳದಿದ್ದರೆ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಸಾಲ್ಸಾದ ಪಾಠವೂ ಹಾಗೆಯೇ. ಎಣಿಸಲು ಕಲಿತವರು ನಾಲ್ಕರಲ್ಲಿ ಕಾಲನ್ನು ತಡೆದು ಸುಮ್ಮನೆ ನಿಂತರೆ ಸಾಲದು. ಆ ಬಿಡುವಿನಲ್ಲಿ ಮದ್ದಳೆ ಏನು ಹೇಳುತ್ತಿದೆಯೆಂದು ಕಿವಿಗೊಡಬೇಕು. ಕೈಯನ್ನು ಪುಸ್ತಕ ತಿದ್ದೀತು. ಕಾಲಿನ ಚರಿತ್ರೆಯನ್ನು ಹೇಳಬಲ್ಲ ದನಿ ಅಲ್ಲಿದೆ.